ಹಬ್ಬದ ಹೊಸ್ತಿಲಲ್ಲಿ ಬಿರುಗಾಳಿ

ಆಶ್ವೀಜದ ಕೊನೆಯಲ್ಲಿ ಮೋಡ ಕವಿದರೆ ಬಯಲುಸೀಮೆಯ ಒಕ್ಕಲಿಗನು ಹಿಂಗಾರಿ ಜೋಳಕ್ಕೆ ಹದವಾಯಿತೆಂದು ಹಿಗ್ಗುತ್ತಾನೆ. ಅದೇ ಮೋಡವನ್ನು ಕಂಡ ಅಂಕೋಲೆಯ ಬಳಿಯ ಕೇಣಿಯ ಮೀನುಗಾರನು ಮೊದಲು ತನ್ನ ದೋಣಿಯ ಹಗ್ಗವನ್ನು ಮುಟ್ಟಿ ನೋಡುತ್ತಾನೆ. ಮುಂಗಾರಿನ ಅಬ್ಬರ ಅವನಿಗೆ ಹೊಸತಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳು 61 ದಿನ ದಡ ಬಿಡುವಂತಿಲ್ಲವೆಂಬ ಸರಕಾರದ ನಿಯಮವಿದೆ. ಆ ಮಳೆಗಾಲಕ್ಕೆ ಮನಸ್ಸೂ ಮನೆಯೂ ಮೊದಲೇ ಸಜ್ಜಾಗಿರುತ್ತವೆ. ಆದರೆ ಮಳೆ ಹಿಂದೆ ಸರಿದು, ಬಲೆಗೆ ಒಂದಿಷ್ಟು ಮೀನು ಬಿದ್ದು, ಸಾಲ ತೀರುವ ಆಸೆ ಚಿಗುರುವ ಹೊತ್ತಿಗೆ ಬರುವ ಗಾಳಿಯ ಮಾತೇ ಬೇರೆ.

2019ರ ದೀಪಾವಳಿ ಅಂತಹದಾಗಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಗಂಗಾವಳಿ ನದಿಯು ಉಕ್ಕಿ ಹರಿದು ತಾಲೂಕಿನ ದಂಡೆಯ ಊರುಗಳನ್ನು ಕಂಗೆಡಿಸಿತ್ತು. ಆ ನೋವು ಆರುವ ಮುನ್ನವೇ, ಅಕ್ಟೋಬರ್ 24ರಂದು, ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದಿದೆಯೆಂಬ ಸುದ್ದಿ ಬಂದಿತು. ಮರುದಿನ ಅದು ಚಂಡಮಾರುತವಾಯಿತು. ಮ್ಯಾನ್ಮಾರ್ ದೇಶವು ಸೂಚಿಸಿದ್ದ ‘ಕ್ಯಾರ್’ ಎಂಬ ಹೆಸರು ಅದಕ್ಕೆ ದೊರಕಿತು. ಕರಾವಳಿಗೆ ಭಾರೀ ಮಳೆಯ ಮುನ್ನೆಚ್ಚರಿಕೆ ಹೊರಟಿತು. ಹೊರರಾಜ್ಯಗಳ ದೋಣಿಗಳು ಸಹ ಆಸರೆಯನ್ನರಸಿ ಕಾರವಾರದ ಬಂದರಿಗೆ ಬಂದು ಸೇರಿದವು.

ನೀರು ತುಂಬುವ ಹಬ್ಬಕ್ಕೆ ಆಗ ಒಂದೇ ದಿನ ಉಳಿದಿತ್ತು. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಅದರ ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಬೇಕಾದ ಕೈಗಳು, ಮಾಡಿನ ಹಂಚಿನ ಮೇಲೆ ಕಲ್ಲು ಹೇರುವ ಕೆಲಸಕ್ಕೆ ತೊಡಗಿದವು. ಒಣಮೀನಿನ ಚೀಲಗಳು ಅಂಗಳದಿಂದ ಅಟ್ಟಕ್ಕೇರಿದವು. ಗದ್ದೆಯುಳ್ಳವರ ಪಾಡು ಇನ್ನೂ ಕಷ್ಟದ್ದು: ಮಾಗಿದ ಪೈರನ್ನು ಕೊಯ್ದರೆ ತೋಯುತ್ತದೆ, ಬಿಟ್ಟರೆ ಮಲಗುತ್ತದೆ. ಪಾತಿದೋಣಿಗಳನ್ನು ಹತ್ತಾರು ಜನ ಹೆಗಲು ಕೊಟ್ಟು ತೆಂಗಿನ ಬುಡದವರೆಗೆ ಎಳೆದರು. ‘ಇಷ್ಟು ಮೇಲೆ ಯಾಕೆ?’ ಎಂದು ಗೊಣಗಿದ ಹುಡುಗನಿಗೆ ಮುದುಕಿಯೊಬ್ಬಳು, ‘ಗಾಳಿ ಬಾಗಿಲಿಗೆ ಬಂದ ಮೇಲೆ ಹಗ್ಗ ಹುಡುಕುದಲ್ಲ ತಮಾ’ ಎಂದಳು.

ಆ ಮುದುಕಿಯ ಹಿರಿಯ ಮಗನು ಟ್ರಾಲರಿನಲ್ಲಿ ಹೋಗಿದ್ದನು. ದಡದಿಂದ ದೂರ ಸರಿದ ಮೇಲೆ ಮೊಬೈಲಿನ ಸಂಪರ್ಕ ಕಡಿದುಹೋಗುತ್ತದೆ. ಆಮೇಲೆ ಮನೆಯವರಿಗೆ ಉಳಿಯುವುದು ಕಿವಿಯೊಂದೇ. ಹಿಂದಿನವರು ತೆರೆಯ ಸದ್ದಿನ ಭಾರದಿಂದ, ಗಾಳಿ ತಿರುಗುವ ದಿಕ್ಕಿನಿಂದ ಕಡಲಿನ ಮನಸ್ಸನ್ನು ಅಳೆಯುತ್ತಿದ್ದರು. ಈಗ ಉಪಗ್ರಹದ ಚಿತ್ರ ಅಂಗೈಗೆ ಬರುತ್ತದೆ. ಬಿಳಿಯ ಸುಳಿಯೊಂದು ಗಿರ್ರನೆ ತಿರುಗುವುದನ್ನು ಮೊಮ್ಮಗಳು ತೋರಿಸಿದಾಗ, ಆ ತಾಯಿಗೆ ಬೇಕಾಗಿದ್ದುದು ಸುಳಿಯ ಅಂಚಿನಲ್ಲೆಲ್ಲೋ ಇರಬಹುದಾದ ಒಂದು ಚುಕ್ಕೆ ಮಾತ್ರ. ವಿಜ್ಞಾನವು ಬಿರುಗಾಳಿಯ ದಾರಿಯನ್ನು ಹೇಳಬಲ್ಲದು. ಕಾಯುವ ಹೊತ್ತನ್ನು ಅದು ಕಡಿಮೆ ಮಾಡಿಲ್ಲ, ಒಂದು ರೀತಿಯಲ್ಲಿ ಹಿಗ್ಗಿಸಿದೆ. ಮೊದಲು ಗಾಳಿ ಬಂದಾಗ ಹೆದರಿಕೆ ಬರುತ್ತಿತ್ತು, ಈಗ ಮೂರು ದಿನ ಮುಂಚಿತವಾಗಿಯೇ ಬರುತ್ತದೆ. ಹಾಗೆಂದು ಆ ಮೂರು ದಿನಗಳನ್ನು ಬೇಡವೆನ್ನುವವರು ಕಡಲತಡಿಯಲ್ಲಿ ಯಾರೂ ಇರಲಾರರು. 2017ರ ಕೊನೆಯಲ್ಲಿ ಓಖಿ ಚಂಡಮಾರುತವು ಎದ್ದಾಗ, ಎಚ್ಚರಿಕೆಯ ಮಾತು ತಲಪುವ ಮೊದಲೇ ಕಡಲಿಗಿಳಿದಿದ್ದ ಕನ್ಯಾಕುಮಾರಿ ಮತ್ತು ಕೇರಳದ ಎಷ್ಟೋ ಮೀನುಗಾರರು ಹಿಂತಿರುಗಲಿಲ್ಲ.

ಮುಂಗಾರು ಹಿಂದೆ ಸರಿದ ಮೇಲೆ ಕಡಲಿನ ಮೈ ಮತ್ತೆ ಬೆಚ್ಚಗಾಗುತ್ತದೆ. ಆ ಬಿಸುಪಿನಿಂದ ಮೇಲೇಳುವ ತೇವವೇ ಚಂಡಮಾರುತದ ಆಹಾರ. 2019ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗವು ವಾಡಿಕೆಗಿಂತ ಹೆಚ್ಚು ಬೆಚ್ಚಗಿದ್ದಿತು. ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅರಬ್ಬೀ ಸಮುದ್ರ ಸೌಮ್ಯವೆಂಬ ಹಳೆಯ ನಂಬಿಕೆ ಆ ವರ್ಷ ಬಹಳಷ್ಟು ಸಡಿಲಗೊಂಡಿತು.

ದೋಣಿ ನಡೆಸುವುದನ್ನೇ ಕಾಯಕವಾಗಿ ಹೊಂದಿದ್ದ ಶರಣ ಅಂಬಿಗರ ಚೌಡಯ್ಯನವರು ಕಂಡದ್ದು ಹೊಳೆಯ ನೀರು. ಅದಕ್ಕೆ ಆಚೆಯ ದಡವುಂಟು. ಕೇಣಿಯವರ ನೀರಿಗೆ ಕಣ್ಣಳತೆಯಲ್ಲಿ ಆಚೆಯ ದಡವಿಲ್ಲ, ಹೋದವರು ಈಚೆಗೇ ಮರಳಬೇಕು. 26ರ ಸಂಜೆ ಆ ಟ್ರಾಲರು ಕಾರವಾರ ಮುಟ್ಟಿತೆಂಬ ಮಾತು ಮನೆಗೆ ಬಂದಾಗ ಮಳೆ ಇನ್ನೂ ಸುರಿಯುತ್ತಲೇ ಇತ್ತು. ಮುದುಕಿಯು ಏನನ್ನೂ ಹೇಳದೆ ಎದ್ದು, ಹಂಡೆಗೆ ನೀರು ತುಂಬಿದಳು.

ಕ್ಯಾರ್ ದಡಕ್ಕೆ ಬರಲಿಲ್ಲ. 27ರಂದು, ನರಕ ಚತುರ್ದಶಿಯ ದಿನ, ಅದು ಮಹಾಚಂಡಮಾರುತವಾಗಿ ಬೆಳೆಯಿತು. 2007ರ ಗೋನು ಚಂಡಮಾರುತದ ತರುವಾಯ ಅರಬ್ಬೀ ಸಮುದ್ರವು ಅಂತಹದನ್ನು ಕಂಡಿರಲಿಲ್ಲ. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಆ ಗಾಳಿಯು ಒಮಾನಿನ ಕಡೆಗೆ ಮುಖ ಮಾಡಿ, ದಾರಿಯಲ್ಲಿ ನೀರಿನ ಮೇಲೆಯೇ ಸೊರಗಿತು. ಬಲಿಪಾಡ್ಯಮಿಯ ಹೊತ್ತಿಗೆ ಮಕ್ಕಳು ಮಾಡಿನ ಮೇಲಿನ ಕಲ್ಲುಗಳನ್ನು ತೋರಿಸಿ ನಗತೊಡಗಿದ್ದರು. ಹಿರಿಯರು ಮಾತ್ರ ಅವುಗಳನ್ನು ಇಳಿಸುವ ಆತುರ ತೋರಲಿಲ್ಲ. 30ರಂದು ಲಕ್ಷದ್ವೀಪದ ಕಡೆಯಲ್ಲಿ ‘ಮಹಾ’ ಎಂಬ ಇನ್ನೊಂದು ಗಾಳಿ ಎದ್ದ ಸುದ್ದಿ ಬಂದಾಗ, ಪಾತಿದೋಣಿಗಳು ತೆಂಗಿನ ಬುಡದಲ್ಲಿಯೇ ಇದ್ದವು.