ಹಲಸಿನ ನೆಂಟಸ್ತಿಕೆ

ಹಲಸಿನ ಹುಚ್ಚು ಹತ್ತಿದವರು ಈಗ ಒಬ್ಬರಿಗೊಬ್ಬರು ಪರಿಚಯವಾಗುವುದು ಹೆಚ್ಚಾಗಿ ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ. ತುಮಕೂರು ಸೀಮೆಯಲ್ಲಿ ಈ ಸ್ನೇಹಕ್ಕೆ ನೆಲ ಮೊದಲೇ ಹದವಾಗಿತ್ತು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಸಿದ್ದಪ್ಪನವರ ತೋಟದ ಮರವನ್ನು ಗುರುತಿಸಿ, ಅವರ ಹೆಸರಿನಲ್ಲೇ ‘ಸಿದ್ದು’ ತಳಿಯಾಗಿ ನಾಡಿಗೆ ಪರಿಚಯಿಸಿದ್ದು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ. ಹಣ್ಣು ಸುಮಾರು 2.5 ಕೆ.ಜಿ., ತೊಳೆ ತಾಮ್ರಗೆಂಪು. ಅದರ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋದ ಮೇಲೆ ತಮ್ಮ ಹಿತ್ತಲಿನ ಮರವನ್ನೂ ಒಮ್ಮೆ ಕತ್ತೆತ್ತಿ ನೋಡಿದವರು ಬಹಳ.

ಮಾರ್ಚ್ ಕಳೆದರೆ ಗುಂಪುಗಳಲ್ಲಿ ಹಬ್ಬ. ಕೊಯ್ದ ಹಣ್ಣಿನ ಫೋಟೊ ಬಂದ ಕೂಡಲೇ ಗಟ್ಟಿ ತೊಳೆಯ ಬಕ್ಕೆಯೋ ಮೆತ್ತನೆಯ ಅಂಬಲಿಯೋ ಎಂಬ ವಾದ ಶುರುವಾಗುತ್ತದೆ. ಒಳ್ಳೆಯ ಫೋಟೊ ಎಂದರೆ ಹಗಲು ಬೆಳಕಿನಲ್ಲಿ ತೆಗೆದದ್ದು. ಬಿಡಿಸಿದ ತೊಳೆ, ಬೀಜ, ಮರದ ವಯಸ್ಸು, ಊರು ನಾಲ್ಕೂ ಇರಬೇಕು. ಒಂದೇ ಎಲೆ ತೋರಿಸಿ “ಅಣ್ಣಾ, ಇದು ಯಾವ ತಳಿ?” ಎಂದು ಕೇಳುವವರಿಗೆ ಯಾರೂ ಉತ್ತರ ಕೊಡಲಾರರು. ಶುಭೋದಯದ ಗುಲಾಬಿ ಹೂಗಳ ಅಡಿಯಲ್ಲಿ ಒಳ್ಳೆಯ ಮರವೊಂದರ ಸುದ್ದಿ ಹೂತುಹೋಗುವುದು ಇನ್ನೂ ದೊಡ್ಡ ನಷ್ಟ. 2022ರಲ್ಲಿ ವಾಟ್ಸಾಪ್ ಗುಂಪಿನ ಮಿತಿ 1024 ಜನಕ್ಕೆ ಏರಿತು. ಗುಂಪು ದೊಡ್ಡದಾದಷ್ಟೂ ಹರಟೆ ತೆಳುವಾಯಿತು.

ಪರಿಚಯ ಗೆಳೆತನವಾಗುವುದು ಕಸಿಕಡ್ಡಿ ಕೈ ಬದಲಿಸಿದಾಗ. ಕಳಿಸುವವರು ವಾರದ ಮೊದಲೇ ಆರಿಸಿದ ರೆಂಬೆಯ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸುತ್ತಾರೆ. ತೊಟ್ಟು ತಾನಾಗಿ ಉದುರಿ, ತುದಿಮೊಗ್ಗು ಉಬ್ಬಿದಾಗ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಗೇಣುದ್ದ ಕೊಯ್ಯುತ್ತಾರೆ. ಸೋರುವ ಹಾಲನ್ನು ಒರೆಸಿ, ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟುತ್ತಾರೆ. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು. ಕಡ್ಡಿ ಕೊಳೆಯುವುದು ಅಲ್ಲೇ. ಶನಿವಾರ ಪಾರ್ಸೆಲ್ ಮಾಡಿದರೆ ಭಾನುವಾರವಿಡೀ ಕಡ್ಡಿ ದಾರಿಯಲ್ಲೇ ಬಾಡುತ್ತದೆ, ಸೋಮವಾರವೇ ಸರಿ. ಕಸಿ ಕಟ್ಟಿ ಮೂರು ನಾಲ್ಕು ವಾರಕ್ಕೆ “ಚಿಗುರಿತಾ?” ಎಂದು ಕೇಳುವವರೇ ನಿಜವಾದ ಸ್ನೇಹಿತರು.

ಈ ನಂಬಿಕೆಯನ್ನು ಕೆಡಿಸುವವರು ಬೀಜದ ಸಸಿಯನ್ನು ಹೆಸರಾಂತ ತಳಿಯೆಂದು ಮಾರುವವರು. ಹಲಸಿನಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಬೇರೆ; ಪರಕೀಯ ಪರಾಗಸ್ಪರ್ಶವೇ ಹೆಚ್ಚು. ಹಾಗಾಗಿ ಬೀಜದಿಂದ ಹುಟ್ಟಿದ್ದು ತಾಯಿಮರದಂತೆಯೇ ಇರುತ್ತದೆಂಬ ಖಾತರಿಯಿಲ್ಲ. ಕೊಂಡವರಿಗೆ ಮೋಸ ಗೊತ್ತಾಗುವುದು ಹಣ್ಣು ಬಿಟ್ಟ ಮೇಲೆ. ಅಷ್ಟರಲ್ಲಿ ವರ್ಷಗಳು ಹೋಗಿರುತ್ತವೆ, ಮಾರಿದವನ ನಂಬರೂ ಬದಲಾಗಿರುತ್ತದೆ. ಗೆಳೆಯನ ವೇಷದಲ್ಲಿ ಬಂದು ಹೀಗೆ ಮಾಡುವುದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ. ಅಡ್ಮಿನ್‌ಗಳು ಇಂಥವರನ್ನು ಮುಲಾಜಿಲ್ಲದೆ ಹೊರಹಾಕಬೇಕು.

ಕಡ್ಡಿ ಕಳಿಸುವಾಗ ತಾಯಿಮರದ ಊರು, ಕೊಟ್ಟವರ ಹೆಸರು, ಕೊಯ್ದ ದಿನ ಬರೆದ ಚೀಟಿ ಕಟ್ಟುವ ರೂಢಿ ಕೆಲವರಲ್ಲಿದೆ. ಆ ಕಸಿಯಿಂದ ಮೂರನೆಯವರಿಗೆ ಕಡ್ಡಿ ಹೋದರೂ ಅದೇ ಚೀಟಿಯ ವಿವರ ಜೊತೆಗೇ ಹೋಗಬೇಕು. ಮಧ್ಯದವರು ತಮ್ಮ ಹೆಸರನ್ನು ಕೆಳಗೆ ಸೇರಿಸಬಹುದೇ ಹೊರತು ಮೇಲಿನದನ್ನು ಅಳಿಸುವಂತಿಲ್ಲ.