ರಜೆಯ ದಾರಿ

"ಅಪ್ಪಾ, ವಿಮಾನದಲ್ಲಿ ಮಂಗಳೂರಿಗೆ ಒಂದೂವರೆ ಗಂಟೆ. ಮತ್ಸ್ಯಗಂಧದಲ್ಲಿ ಇಡೀ ರಾತ್ರಿ ಯಾಕೆ?" ಮುಂಬೈಯಲ್ಲಿ ಬೆಳೆದ ಮಗಳ ಪ್ರಶ್ನೆ. ಉಪದೇಶ ಬಿಟ್ಟು ಕಾರಣ ಹೇಳಿದೆ. ಮೇಲೇರುವಾಗ ವಿಮಾನ ಹೆಚ್ಚು ಇಂಧನ ಕುಡಿಯುತ್ತದೆ. ಹಾರಾಟ ಚಿಕ್ಕದಾದಷ್ಟೂ ಕಿಲೋಮೀಟರಿಗೆ ತಲಾ ಬೀಳುವ ಹೊಗೆ ಜಾಸ್ತಿ. ಕೊಂಕಣ ರೈಲು ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣವಾಯಿತು.

"ಆ ಕರೆಂಟೂ ಕಲ್ಲಿದ್ದಲಿನದ್ದೇ ಅಲ್ವಾ?"

ಬಹುಪಾಲು ಹೌದು. ಆದರೆ ಆ ಹೊಗೆಯನ್ನು ಒಂದೇ ಗಾಡಿಯ ಸಾವಿರಕ್ಕೂ ಹೆಚ್ಚು ಜನ ಹಂಚಿಕೊಳ್ಳುತ್ತಾರೆ.

ಎರಡೇ ದಿನ ರಜೆ ಸಿಕ್ಕವರಿಗೆ, ಹುಷಾರಿಲ್ಲದ ತಾಯಿಯನ್ನು ನೋಡಲು ಹೊರಟವರಿಗೆ ವಿಮಾನ ಬೇಡವೆನ್ನಲಾಗದು. ಅದನ್ನೂ ಮಕ್ಕಳಿಗೆ ಹೇಳೋಣ. ಬೇಸಿಗೆ ರಜೆಯಿಡೀ ಕೈಯಲ್ಲಿರುವ ಮಕ್ಕಳಿಗೆ ಯಾವ ಅವಸರ? ರೈಲು ಟಿಕೆಟು 60 ದಿನ ಮೊದಲು ಸಿಗುತ್ತದೆ. ಅಂದು ಬೆಳಿಗ್ಗೆ ಎಂಟಕ್ಕೆ ಫೋನನ್ನು ಅವರ ಕೈಗೇ ಕೊಡಿ.