ಬಲೆ ಬಿಟ್ಟ ಕೈಗಳು

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ನಮ್ಮ ಬೀಜಾಡಿಯ ತೀರಕ್ಕೆ ದೂರದ ಅತಿಥಿಗಳು ಬರುತ್ತವೆ. ತೆರೆ ಹಿಂದೆ ಸರಿದೊಡನೆ ಒದ್ದೆ ಮರಳಿನ ಮೇಲೆ ಓಡಿ, ಏನನ್ನೋ ಹೆಕ್ಕಿ, ಮುಂದಿನ ತೆರೆಗೆ ಮುನ್ನ ಹಿಂದೋಡುವ ಪುಟ್ಟ ಹಕ್ಕಿಗಳವು. ಅವುಗಳ ಬಗ್ಗೆ ಓದತೊಡಗಿದಾಗ, ನಮ್ಮ ತೀರಕ್ಕೆ ಬಾರದ ಅದೇ ಬಳಗದ ಇನ್ನೊಂದು ಹಕ್ಕಿಯ ಕಥೆ ನನ್ನ ಮನಸ್ಸನ್ನು ಕಲಕಿತು.

ಅದು ಚಮಚದಂತಹ ಕೊಕ್ಕುಳ್ಳ, ಗುಬ್ಬಚ್ಚಿ ಗಾತ್ರದ ಗೊರವ. ಇಂಗ್ಲಿಷಿನಲ್ಲಿ ಸ್ಪೂನ್‌ಬಿಲ್ಡ್ ಸ್ಯಾಂಡ್‌ಪೈಪರ್. ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾದಲ್ಲಿ ಮರಿಮಾಡಿ, ಸುಮಾರು 8000 ಕಿಲೋಮೀಟರ್ ಹಾರಿ, ಮ್ಯಾನ್ಮಾರ್, ಬಾಂಗ್ಲಾದೇಶ ಮುಂತಾದ ಕಡೆಗಳ ಕೆಸರು ತೀರಗಳಲ್ಲಿ ಚಳಿಗಾಲ ಕಳೆಯುತ್ತದೆ. 2008ರಲ್ಲಿ ಅದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಉಳಿದಿರುವ ಪ್ರೌಢ ಹಕ್ಕಿಗಳು 500ಕ್ಕೂ ಕಡಿಮೆಯೆಂದು ಅಂದಾಜು. ಹಾದಿಯಲ್ಲಿ ಅದು ಇಳಿದು ಮೇಯುತ್ತಿದ್ದ ಹಳದಿ ಸಮುದ್ರದ ಕೆಸರು ಬಯಲುಗಳನ್ನು ಮನುಷ್ಯ ಮಣ್ಣು ತುಂಬಿ ಮುಚ್ಚಿದ. ದಕ್ಷಿಣ ಕೊರಿಯಾದ ಸೆಮಾನ್‌ಗುಮ್‌ನಲ್ಲಿ 2006ರಲ್ಲಿ 33 ಕಿಲೋಮೀಟರ್ ಉದ್ದದ ಗೋಡೆ ಕಡಲನ್ನು ತಡೆಯಿತು. ಇವೆಲ್ಲವನ್ನೂ ದಾಟಿ ಬಂದ ಹಕ್ಕಿಗೆ ಚಳಿಗಾಲದ ನೆಲೆಯಲ್ಲಿ ಬಲೆ ಕಾದಿರುತ್ತಿತ್ತು.

ಬಲೆ ಒಡ್ಡಿದವರು ಮೋಜಿನ ಬೇಟೆಗಾರರಲ್ಲ, ಹೊಟ್ಟೆಪಾಡಿಗೆ ಬೇರೆ ದಾರಿ ಕಾಣದ ಬಡವರು. ಅವರಿಗೆ ಬೇಕಿದ್ದುದು ದೊಡ್ಡ ಹಕ್ಕಿಗಳು. ಈ ಪುಟ್ಟ ಜೀವವೂ ಅವುಗಳೊಡನೆ ಸಿಕ್ಕಿ ಸಾಯುತ್ತಿತ್ತು. 2010ರ ನಂತರ ಬಾಂಗ್ಲಾದೇಶದ ಸೊನಾದಿಯಾ ದ್ವೀಪದಲ್ಲೂ ಮ್ಯಾನ್ಮಾರಿನ ಮೊಟ್ಟಾಮಾ ಕೊಲ್ಲಿಯಲ್ಲೂ ಸಂರಕ್ಷಕರು ಅವರ ಬಳಿಗೆ ಹೋದರು. ಮೀನು ಹಿಡಿಯಲು ದೋಣಿ, ಬಲೆ, ಕೆಲವರಿಗೆ ಸಣ್ಣ ಅಂಗಡಿ, ಹೀಗೆ ಬೇರೆ ದುಡಿಮೆಗೆ ನೆರವಾದರು. ಅನೇಕರು ಹಕ್ಕಿಬಲೆ ಬಿಟ್ಟರು. ಕೆಲವರು ಹಕ್ಕಿಗಳ ಕಾವಲಿಗೇ ನಿಂತರು. ಅತ್ತ ಚುಕೋಟ್ಕಾದಲ್ಲಿ 2012ರಿಂದ ಮೊಟ್ಟೆಗಳನ್ನು ಸಂಗ್ರಹಿಸಿ, ಮರಿಗಳನ್ನು ಹಾರುವವರೆಗೆ ಸಾಕಿ ಬಿಡುವ ಕೆಲಸವೂ ನಡೆಯಿತು. ಹಕ್ಕಿ ಇನ್ನೂ ಅಪಾಯದಿಂದ ಪಾರಾಗಿಲ್ಲ, ಆದರೆ ಇನ್ನೂ ಬದುಕಿದೆ.

ನಮ್ಮ ಕರಾವಳಿಯಲ್ಲೂ ಬದುಕು ಸುಲಭವಲ್ಲ. ಕೈರಂಪಣಿ ಎಳೆದವರಿಗೆ ಕೆಲವು ದಿನ ಬರಿಬಲೆಯೇ ಗತಿ. ಮಳೆಗಾಲದಲ್ಲಿ ಕಡಲು ಅಂಗಳಕ್ಕೆ ಬಂದವರು ಕಲ್ಲಿನ ತಡೆಗೋಡೆ ಕೇಳಿದರೆ ಅದು ತಪ್ಪಲ್ಲ. ಅವರ ಮುಂದೆ ನಿಂತು ಹಕ್ಕಿಗೆ ಮರಳು ಬಿಟ್ಟುಕೊಡಿ ಎನ್ನಲು ನನಗೆ ನಾಲಗೆ ಏಳದು. ಆದರೆ ಸೊನಾದಿಯಾದವರು ಕಲಿಸಿದ್ದೇ ಇದು. ಬಡವನ ಒಲೆಯನ್ನು ಮರೆತು ಹಕ್ಕಿಯನ್ನು ಉಳಿಸಲಾಗದು. ಇಬ್ಬರ ಅನ್ನವೂ ಒಂದೇ ತೀರದಲ್ಲಿದೆ. ಮೀನುಗಾರನ ಕಷ್ಟವನ್ನು ಮೊದಲು ಕೇಳಿಸಿಕೊಳ್ಳೋಣ. ನಾವು ತಂದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಒಯ್ಯೋಣ, ಮರಳಿನ ಮೇಲೆ ವಾಹನ ಓಡಿಸದಿರೋಣ. ಹಕ್ಕಿಗಾಗಿ ನಾವು ಆಡುವ ಮಾತಿಗೆ ಆಗ ಬೆಲೆ ಬಂದೀತು.